ತೋಟ ನೋಡಲು ಹೊರಟಿದ್ದೀರಾ? ಊರಲ್ಲ, ಮೊದಲು ಕೆಲಸ ಆರಿಸಿ

‘ಮಕ್ಕಳಿಗೆ ಒಂದು ನಿಜವಾದ ತೋಟ ತೋರಿಸಬೇಕು, ಎಲ್ಲಿಗೆ ಹೋಗೋದು?’

ರಜೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಪೇಟೆಯಲ್ಲಿ ನೆಲೆ ನಿಂತವರು. ಅಜ್ಜನ ಕಾಲಕ್ಕೆ ಹೊಲ ಇತ್ತು, ಈಗಿಲ್ಲ. ಇಲ್ಲವೇ ಹೊಲ ಇದೆ, ಅಲ್ಲಿ ಇರುವವರು ಯಾರೂ ಇಲ್ಲ. ಮಕ್ಕಳಿಗೆ ರಾಗಿ ಗೊತ್ತು, ರಾಗಿ ತೆನೆ ಗೊತ್ತಿಲ್ಲ. ಹಾಗಾಗಿ ಈ ಆಸೆ ದೊಡ್ಡದು, ಒಳ್ಳೆಯದು ಕೂಡ. ಆದರೆ ದುಡ್ಡು ಕೊಟ್ಟು, ದೂರ ಹೋಗಿ, ಹುಲ್ಲುಹಾಸು, ಉಯ್ಯಾಲೆ ಮತ್ತು ಒಂದು ಅಲಂಕಾರದ ಎತ್ತಿನಗಾಡಿ ನೋಡಿ ವಾಪಸ್ ಬಂದವರು ಬಹಳ ಜನ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಇದಕ್ಕೆ ಕೃಷಿ ಪ್ರವಾಸ ಅನ್ನುತ್ತಾರೆ. ಅಂದರೆ ಬೇಸಾಯ ನಡೆಯುತ್ತಿರುವ ಜಾಗಕ್ಕೆ ಅತಿಥಿಯಾಗಿ ಹೋಗಿ, ಅಲ್ಲಿನ ಕೆಲಸ ನೋಡಿ, ಕೈಲಾದರೆ ಮಾಡಿ, ಅಲ್ಲಿಯ ಊಟ ಉಂಡು ಬರುವುದು. ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ 2005ರ ಹೊತ್ತಿಗೇ ಇದು ವ್ಯವಸ್ಥಿತವಾಗಿ ಶುರುವಾಯಿತು. ಇಟಲಿ 1985ರಲ್ಲೇ ಇದಕ್ಕೊಂದು ಕಾನೂನು ಮಾಡಿತು. ಹಾಗಂತ ನಮಗೆ ಇದು ಹೊಸದೇನೂ ಅಲ್ಲ. ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆ ದಿನ ಚರಗ ಚೆಲ್ಲಿದ ಮೇಲೆ, ಅಂದರೆ ಭೂಮಿತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಎರಚಿದ ಮೇಲೆ, ಗೆಳೆಯರು, ನೆಂಟರು, ಆಫೀಸಿನವರು ಎಲ್ಲರನ್ನೂ ಹೊಲಕ್ಕೆ ಕರೆದು ಸಜ್ಜೆ ರೊಟ್ಟಿ, ಭಜ್ಜಿ ಬಡಿಸುವುದು ಎಷ್ಟೋ ಕಾಲದಿಂದ ಇದೆ.

ನಿಮಗೆ ಬೇಕಾದದ್ದು ಮೂರೇ: ಎರಡು ದಿನ, ಒಂದು ಫೋನು, ಮತ್ತು ಕೆಸರಾದರೂ ಬೇಜಾರಿಲ್ಲದ ಬಟ್ಟೆ.

ಹಂತ 1: ತಿಂಗಳು ನೋಡಿ, ಕೆಲಸ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ರಜೆ ಗೊತ್ತುಮಾಡುತ್ತಾರೆ, ಆಮೇಲೆ ಊರು, ಆಮೇಲೆ ರೂಮು. ತೋಟದಲ್ಲಿ ಆಗ ಏನು ನಡೆಯುತ್ತಿರುತ್ತದೆ ಅಂತ ಕೇಳುವುದೇ ಇಲ್ಲ. ನಾನೂ ಒಮ್ಮೆ ಮೇ ತಿಂಗಳಲ್ಲಿ ಅಕ್ಕನ ಮಕ್ಕಳನ್ನು ಅಡಿಕೆ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಮರ ಇತ್ತು, ನೆರಳಿತ್ತು, ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಅಷ್ಟೇ. ಅರ್ಧ ಗಂಟೆಗೆ ಮಕ್ಕಳು ಮೊಬೈಲ್ ಕೇಳಿದರು. ಅದೇ ಮಕ್ಕಳು ಡಿಸೆಂಬರಿನಲ್ಲಿ ಅದೇ ತೋಟದಲ್ಲಿ ಕತ್ತಲಾಗುವವರೆಗೆ ಉದುರಿದ ಅಡಿಕೆ ಹೆಕ್ಕಿದರು.

ಹಾಗಾಗಿ ಕೆಲಸದಿಂದ ಶುರುಮಾಡಿ. ಯಾವ ತಿಂಗಳಲ್ಲಿ ಎಲ್ಲಿ ಏನು ಅಂತ ಒಂದೊಂದಾಗಿ ಹೇಳುತ್ತೇನೆ. ಮಳೆ ಹೆಚ್ಚುಕಡಿಮೆ ಆದರೆ ಇವು ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತವೆ.

ಅಡಿಕೆ ಸುಗ್ಗಿ: ಸಾಗರ, ಸಿರ್ಸಿ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಅಕ್ಟೋಬರಿನಿಂದ ಜನವರಿವರೆಗೆ. ನನ್ನ ಕೇಳಿದರೆ ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯಾಕೆಂದರೆ ಮರದಿಂದ ಮೂಟೆವರೆಗಿನ ಎಲ್ಲ ಕೆಲಸವೂ ಮನೆಯ ಸುತ್ತಲೇ ನಡೆಯುತ್ತದೆ. ಕೊನೆಗೌಡ, ಅಂದರೆ ಅಡಿಕೆ ಗೊನೆ ಕೊಯ್ಯುವವನು, ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುತ್ತಾನೆ. ತಳೆ ಅಂದರೆ ಎರಡೂ ಪಾದಗಳನ್ನು ಸೇರಿಸುವ ಬಳೆಯಂಥ ಹಗ್ಗ. ಒಂದು ಮರದ ಕೆಲಸ ಮುಗಿದರೆ ಕೆಳಗೆ ಇಳಿಯುವುದಿಲ್ಲ, ಮೇಲಿಂದಲೇ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೊಯ್ದ ಗೊನೆ ಹಗ್ಗದ ಮೇಲೆ ಜಾರಿಕೊಂಡು ಬರುತ್ತದೆ. ಕೆಳಗೆ ಹಗ್ಗ ಹಿಡಿದವನು ಅದನ್ನು ಬಿಡಿಸಿಕೊಳ್ಳುತ್ತಾನೆ. ಈಚೆಗೆ ಕೆಲವು ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ (ತುದಿಗೆ ಕತ್ತಿ ಇರುವ ಉದ್ದ ಕೋಲು) ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯುತ್ತಾರೆ. ಮರ ಹತ್ತುವುದನ್ನೇ ನೋಡಬೇಕು ಅಂತಿದ್ದರೆ ಮೊದಲೇ ವಿಚಾರಿಸಿ.

ರಾತ್ರಿಯ ಕೆಲಸ ಇನ್ನೂ ಚೆಂದ. ಊಟ ಮುಗಿಸಿ ಅಕ್ಕಪಕ್ಕದವರು ಸೇರಿ ಅಡಿಕೆ ಸುಲಿಯಲು ಕೂರುತ್ತಾರೆ. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ಮೇಲೆ ಕಾಯಿ ಒತ್ತುತ್ತಾರೆ, ಸಿಪ್ಪೆ ಹಾರುತ್ತದೆ, ಬೇಳೆ ಬುಟ್ಟಿಗೆ ಬೀಳುತ್ತದೆ. ಕೈ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ಬಾಯಿ ಊರ ಸುದ್ದಿ ಹೇಳುತ್ತಿರುತ್ತದೆ. ಮಾರನೇ ದಿನ ಹಂಡೆಯಲ್ಲಿ ಚೊಗರಿನ ಜೊತೆ ಬೇಯಿಸುತ್ತಾರೆ. ಚೊಗರು ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಬಣ್ಣ ಕೊಡುವುದು ಅದೇ. ಸುಲಿಯುವುದು ಮೆಷಿನ್ನಿನಲ್ಲೋ ಕೈಯಲ್ಲೋ ಅಂತ ಇದನ್ನೂ ಕೇಳಿಕೊಳ್ಳಿ. ಈಗ ಬಹಳ ಕಡೆ ಮೆಷಿನ್ ಬಂದಿದೆ.

ಆಲೆಮನೆ, ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ: ಮಲೆನಾಡಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ. ಮಂಡ್ಯದ ಕಡೆ ಹೆಚ್ಚುಕಡಿಮೆ ವರ್ಷವಿಡೀ ನಡೆಯುತ್ತದೆ. ಎರಡೂ ಒಂದೇ ಅಲ್ಲ. ಮಂಡ್ಯದಲ್ಲಿ ಅಚ್ಚು ಬೆಲ್ಲ, ಉಂಡೆ ಬೆಲ್ಲ. ಮಲೆನಾಡಿನಲ್ಲಿ ಜೋನಿ ಬೆಲ್ಲ, ಅಂದರೆ ಜೇನಿನ ಹಾಗೆ ಸುರಿಯುವ ನೀರು ಬೆಲ್ಲ. ಬೆಳಿಗ್ಗೆ ಕಬ್ಬಿನ ಹಾಲು ಕುಡಿದು, ಮಧ್ಯಾಹ್ನ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಬಾಳೆ ಎಲೆ ಚೂರಿನಲ್ಲಿ ನೊರೆ ಬೆಲ್ಲ ನೆಕ್ಕಬಹುದು. ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ಮಡಕೆ ಬೋರಲು ಹಾಕಿ ತೊಡದೇವು (ಕಾಗದದಷ್ಟು ತೆಳುವಾದ ಸಿಹಿ) ಮಾಡುತ್ತಿದ್ದರೆ ನಿಮ್ಮ ಪುಣ್ಯ.

ಕಾಫಿ: ಕೊಡಗು, ಚಿಕ್ಕಮಗಳೂರು, ಸಕಲೇಶಪುರ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದಾದ ಮೇಲೆ ಫೆಬ್ರವರಿ ದಾಟಿಯೂ ಇರುತ್ತದೆ. ಸಂಜೆ ತೂಕದ ಹೊತ್ತಿಗೆ ಅಲ್ಲಿರಬೇಕು. ಕುಯ್ದವರು ತಮ್ಮ ತಮ್ಮ ಹಣ್ಣನ್ನು ಟಾರ್ಪಲಿನ ಮೇಲೆ ಸುರಿದು, ಹಸಿರು ಕಾಯಿ, ಎಲೆ, ಕಡ್ಡಿ ಆರಿಸಿ, ಚೀಲ ತುಂಬಿ ತಕ್ಕಡಿಗೆ ತರುತ್ತಾರೆ. ಇಡೀ ದಿನದ ಲೆಕ್ಕ ಅಲ್ಲಿ ಒಂದು ನಂಬರ್ ಆಗುತ್ತದೆ. ಇನ್ನೊಂದು ಸಮಯ ಮಾರ್ಚ್‌–ಏಪ್ರಿಲ್. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಇದು ಮೂರು ನಾಲ್ಕು ದಿನ ಮಾತ್ರ. ತಿಂಗಳ ಮೊದಲೇ ಬುಕ್ ಮಾಡಿ ಇದನ್ನು ನೋಡಲು ಆಗುವುದಿಲ್ಲ. ಮಳೆ ಬಿದ್ದ ದಿನ ತೋಟದವರಿಂದ ಒಂದು ಫೋನ್ ಬರುವ ಹಾಗೆ ಹೇಳಿಟ್ಟುಕೊಳ್ಳಿ.

ರೇಷ್ಮೆ: ರಾಮನಗರ, ಕನಕಪುರ, ಶಿಡ್ಲಘಟ್ಟ. ಬೆಂಗಳೂರಿನವರಿಗೆ ಒಂದು ದಿನದ ಪ್ರವಾಸ, ವರ್ಷದಲ್ಲಿ ಹಲವು ಬೆಳೆ. ಆದರೆ ದಿನ ನೋಡಿ ಹೋಗಿ. ಹುಳು ಸುಮಾರು ಇಪ್ಪತ್ತೈದು ದಿನ ಸೊಪ್ಪು ತಿನ್ನುತ್ತದೆ, ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವುದನ್ನು ರೈತರು ‘ಜ್ವರಕ್ಕೆ ಕೂತಿದೆ’ ಅನ್ನುತ್ತಾರೆ. ಕಾಯಿಲೆ ಅಂದುಕೊಳ್ಳಬೇಡಿ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರವೇ ನೋಡಬೇಕಾದ್ದು. ಆಗ ಸೊಪ್ಪು ಹಾಕಿ ಸುಮ್ಮನೆ ನಿಂತರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು ಕೇಳುತ್ತದೆ. ಅದು ಸಾವಿರಾರು ಹುಳು ಎಲೆ ಕಡಿಯುವ ಸದ್ದು. ಆಮೇಲೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ, ಗೂಡು ಕಟ್ಟುವುದು ಅಲ್ಲಿ.

ರಾಗಿ, ಅವರೆ: ಹಳೇ ಮೈಸೂರು, ಮಾಗಡಿ, ತುಮಕೂರು, ಕೋಲಾರದ ಕಡೆ ನವೆಂಬರ್, ಡಿಸೆಂಬರ್. ಜನವರಿವರೆಗೂ ಸೊಗಡು ಅವರೆ.

ಜೋಳದ ಸೀತನಿ: ಉತ್ತರ ಕರ್ನಾಟಕದ ಹೊಲಗಳಲ್ಲಿ ಡಿಸೆಂಬರ್ ಕೊನೆಯಿಂದ ಜನವರಿ. ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ತಿನ್ನುವುದು. ಮಹಾರಾಷ್ಟ್ರದಲ್ಲಿ ಇದೇ ‘ಹುರಡಾ’ ಹೆಸರಲ್ಲಿ ದೊಡ್ಡ ಪ್ರವಾಸವಾಗಿ ಬೆಳೆದಿದೆ. ನಮ್ಮಲ್ಲಿ ಇನ್ನೂ ಗುರುತು ಪರಿಚಯದ ಮೇಲೆಯೇ ನಡೆಯುತ್ತದೆ. ವಿಜಯಪುರದ ಕಡೆ ಹೋದರೆ ದ್ರಾಕ್ಷಿ ತೋಟವನ್ನೂ ಸೇರಿಸಿಕೊಳ್ಳಬಹುದು.

ಭತ್ತದ ನಾಟಿ: ಜುಲೈ, ಆಗಸ್ಟ್.

ಬೇಸಿಗೆ ರಜೆಯಲ್ಲೇ ಹೋಗಬೇಕಾ? ಶಾಲೆ ಮಕ್ಕಳಿರುವ ಮನೆಯಲ್ಲಿ ಬೇರೆ ದಾರಿ ಇರುವುದಿಲ್ಲ, ಗೊತ್ತು. ಹಾಗಾದರೆ ಅಡಿಕೆ, ಕಾಫಿ ಬಿಟ್ಟುಬಿಡಿ. ಶ್ರೀನಿವಾಸಪುರದ ಮಾವಿನ ತೋಪು ನೋಡಿ, ಮೇ ತಿಂಗಳಿಗೆ ಸರಿಯಾಗುತ್ತದೆ. ಇಲ್ಲವೇ ಮಲೆನಾಡು, ಕರಾವಳಿಯಲ್ಲಿ ಹಲಸಿನ ಹಪ್ಪಳ ಮಾಡುವ ಮನೆ ಹುಡುಕಿ. ಹಿಟ್ಟು ಕುಟ್ಟುವುದು, ಉಂಡೆ ಕಟ್ಟುವುದು, ಒತ್ತುವುದು, ಅಂಗಳದಲ್ಲಿ ಒಣಗಿಸಿ ಕಾಗೆ ಕಾಯುವುದು. ಮಕ್ಕಳಿಗೆ ನಾಲ್ಕು ದಿನಕ್ಕಾಗುವಷ್ಟು ಕೆಲಸ ಇದರಲ್ಲೇ ಇದೆ.

ಹಂತ 2: ಅದು ತೋಟವೋ, ತೋಟದ ವೇಷವೋ ನೋಡಿ

ಇಟಲಿಯ ಕಾನೂನಿನಲ್ಲಿ ಒಂದು ಮಾತು ನನಗೆ ತುಂಬ ಹಿಡಿಸಿದೆ. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಗಳು ಅದಕ್ಕೆ ಪೂರಕ. ನೀವೂ ಇದೇ ಅಳತೆಗೋಲು ಇಟ್ಟುಕೊಳ್ಳಿ. ನಾಳೆಯಿಂದ ಒಬ್ಬ ಅತಿಥಿಯೂ ಬರದಿದ್ದರೆ ಆ ಜಮೀನು ಬೇಸಾಯದಿಂದಲೇ ನಡೆಯುತ್ತದಾ? ನಡೆಯುತ್ತದೆ ಅನ್ನುವುದಾದರೆ ಅದು ತೋಟ.

ಮೂರು ಥರದ ಜಾಗಗಳಿವೆ. ಒಂದು, ಬೆಳಿಗ್ಗೆ ಹೋಗಿ ಸಂಜೆ ಬರುವ ಜಮೀನು, ಊಟ ಮಾತ್ರ ಇರುತ್ತದೆ. ಎರಡು, ರೈತರ ಮನೆಯಲ್ಲೋ ಪಕ್ಕದ ಕೋಣೆಯಲ್ಲೋ ತಂಗುವ ಹೋಮ್‌ಸ್ಟೇ. ಮೂರು, ತೋಟದ ನಡುವೆ ಕಟ್ಟಿದ ರೆಸಾರ್ಟ್. ಮೂರನೆಯದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆರಾಮ ಬೇಕಾದರೆ ಅಲ್ಲಿಗೇ ಹೋಗಿ. ಆದರೆ ಕೆಲಸ ನೋಡಲು ಅಲ್ಲಿಗೆ ಹೋಗಬೇಡಿ.

ಫೋಟೋ ನೋಡಿಯೇ ಅರ್ಧ ಗೊತ್ತಾಗುತ್ತದೆ. ಬರೀ ಈಜುಕೊಳ, ಕ್ಯಾಂಪ್‌ಫೈರ್, ಝಿಪ್‌ಲೈನ್ ಇದ್ದರೆ ಮುಂದೆ ಹೋಗಿ. ಕೊಟ್ಟಿಗೆ, ಗೊಬ್ಬರದ ಗುಂಡಿ, ಒಣಗಲು ಹಾಕಿದ ಕಾಳು, ಗೋಡೆಗೆ ಒರಗಿಸಿದ ಸ್ಪ್ರೇಯರ್ ಕಾಣುತ್ತಿದ್ದರೆ ನಿಲ್ಲಿ.

ಹುಡುಕುವುದೆಲ್ಲಿ? ಎಲ್ಲರೂ ನೆಟ್ಟಿನಲ್ಲಿ ಹುಡುಕುತ್ತಾರೆ. ನಾನು ಹೇಳುವುದು ಕೃಷಿ ಮೇಳಕ್ಕೆ ಹೋಗಿ ಅಂತ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಸಾವಯವ ಬೆಳೆಗಾರರು, ಬೀಜ ಉಳಿಸುವವರು, ಮಿಶ್ರ ಬೇಸಾಯದವರು ಅಲ್ಲಿ ತಾವೇ ಮಳಿಗೆ ಹಾಕಿ ಕೂತಿರುತ್ತಾರೆ. ಹತ್ತು ನಿಮಿಷ ಮಾತಾಡಿ, ‘ನಿಮ್ಮ ತೋಟ ನೋಡೋಕೆ ಬರಬಹುದಾ ಅಣ್ಣಾ?’ ಅಂತ ಕೇಳಿ. ಬೇಡ ಅಂದವರನ್ನು ನಾನು ಕಂಡಿಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೂ ಒಳ್ಳೆಯ ಬೆಳೆಗಾರರ ಗುರುತು ಸಿಗುತ್ತದೆ.

ರಾತ್ರಿ ತಂಗುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ. ಇದರಲ್ಲಿ ಸಂಕೋಚ ಬೇಡ. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್ ಇರುವವರು ಬರುತ್ತಿದ್ದರೆ ಅದನ್ನು ಮೊದಲೇ ಹೇಳಿ. ಅವರು ತಂಗಿದ ಮಾಹಿತಿಯನ್ನು ಮನೆಯವರು ಸರ್ಕಾರಕ್ಕೆ ಕೊಡಬೇಕಾಗುತ್ತದೆ. ಪಾಸ್‌ಪೋರ್ಟ್, ವೀಸಾದ ಪ್ರತಿ ಜೊತೆಗಿರಲಿ.

ಹಂತ 3: ಫೋನ್ ಮಾಡಿ, ಇವನ್ನು ಕೇಳಿ

ಮೆಸೇಜ್ ಬೇಡ, ಮಾತಾಡಿ. ಮಧ್ಯಾಹ್ನ ಊಟದ ನಂತರ ಅಥವಾ ರಾತ್ರಿ ಏಳರ ಮೇಲೆ ಮಾಡಿ. ಬೆಳಿಗ್ಗೆ ಎಂಟಕ್ಕೆ ಮಾಡಿದರೆ ಅವರು ಕೂಲಿಯವರಿಗೆ ಕೆಲಸ ಹಂಚುತ್ತಿರುತ್ತಾರೆ, ಸರಿಯಾದ ಉತ್ತರ ಸಿಗುವುದಿಲ್ಲ.

ಮೊದಲ ಪ್ರಶ್ನೆ: ‘ನಾವು ಬರುವ ವಾರ ತೋಟದಲ್ಲಿ ಯಾವ ಕೆಲಸ ನಡೆಯುತ್ತಿರುತ್ತದೆ?’ ಇದಕ್ಕೆ ತಟ್ಟನೆ ಉತ್ತರ ಬಂದರೆ ಒಳ್ಳೆಯ ಲಕ್ಷಣ. ‘ಎಲ್ಲಾ ಇರುತ್ತೆ ಸಾರ್, ಬನ್ನಿ’ ಅಂದರೆ ಅನುಮಾನಪಡಿ. ಯಾವ ತೋಟದಲ್ಲೂ ಎಲ್ಲವೂ ಒಂದೇ ವಾರ ಇರುವುದಿಲ್ಲ.

ಆಮೇಲೆ ಇವನ್ನು ಕೇಳಿ. ಕೆಲಸದಲ್ಲಿ ನಾವು ಕೈ ಹಾಕಬಹುದಾ, ಬರೀ ನೋಡಬೇಕಾ? ತೋಟ ತೋರಿಸುವವರು ಯಾರು, ಬೆಳೆಗಾರರೇನಾ ಅಥವಾ ಕೆಲಸದವರಾ? ಆ ವಾರ ಔಷಧ ಹೊಡೆಯುವುದಿದೆಯಾ? ನಾಯಿ ಕಟ್ಟಿಹಾಕಿರುತ್ತಾರಾ? ವಯಸ್ಸಾದವರಿದ್ದರೆ ಕಮೋಡ್ ಇದೆಯಾ, ಕೊನೆಯ ಎರಡು ಕಿಲೋಮೀಟರ್ ರಸ್ತೆ ಹೇಗಿದೆ, ಸಣ್ಣ ಕಾರು ಹೋಗುತ್ತದಾ? ಮಲೆನಾಡಿನ ಎಷ್ಟೋ ತೋಟಗಳ ಹತ್ತಿರ ನೆಟ್‌ವರ್ಕ್ ಇರುವುದಿಲ್ಲ, ಮ್ಯಾಪ್ ಕೈಕೊಡುತ್ತದೆ. ದಾರಿಯನ್ನು ಬಾಯಿಮಾತಲ್ಲಿ ಕೇಳಿ ಬರೆದುಕೊಳ್ಳಿ. ‘ಬಸ್ ಸ್ಟಾಪ್ ದಾಟಿ, ಮಿಲ್ಲಿನ ಹತ್ತಿರ ಎಡಕ್ಕೆ’ ಅನ್ನುವ ವಿವರ ಮ್ಯಾಪಿಗಿಂತ ಗಟ್ಟಿ.

ಕೊನೆಗೆ ಊಟದ ವಿಷಯ. ನೀವು ಏನು ತಿನ್ನುವುದಿಲ್ಲ ಅಂತ ಹೇಳಿ. ಏನು ಬೇಕು ಅಂತ ಪಟ್ಟಿ ಕೊಡಬೇಡಿ. ಮಕ್ಕಳಿಗೆ ನೂಡಲ್ಸ್ ಕೇಳಿದರೆ ಅವರು ಪೇಟೆಗೆ ಹೋಗಿ ತಂದು ಮಾಡುತ್ತಾರೆ, ನಿಮ್ಮ ಮುಂದೆ ಬರಬೇಕಾಗಿದ್ದ ತಂಬುಳಿ, ಪತ್ರೊಡೆ, ಕೆಸುವಿನ ಗೊಜ್ಜು ಒಳಗೇ ಉಳಿಯುತ್ತದೆ.

ಹಂತ 4: ದುಡ್ಡಿನ ಮಾತು ಮೊದಲೇ ಮುಗಿಸಿ

ತಲೆಗೆ ಎಷ್ಟು, ಅದರಲ್ಲಿ ಏನೇನು ಸೇರಿದೆ, ಮಕ್ಕಳಿಗೆ ಎಷ್ಟು, ಮುಂಗಡ ಎಷ್ಟು, ಮಳೆಯಿಂದ ರದ್ದಾದರೆ ಏನು. ಈ ಐದು ಮಾತು ಆದ ಮೇಲೆ ಅದನ್ನೇ ಒಂದು ಮೆಸೇಜ್ ಹಾಕಿ ‘ಸರಿ ತಾನೆ?’ ಅಂತ ಒಪ್ಪಿಸಿಕೊಳ್ಳಿ. ಬಹುಪಾಲು ಜಗಳ ಆಗುವುದು ಇಷ್ಟು ಮಾಡದೆ ಇದ್ದುದಕ್ಕೆ.

ಚೌಕಾಸಿ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೋಟೆಲಿಗೆ ಕೊಡುವಷ್ಟು ದುಡ್ಡು ‘ಹಳ್ಳಿಮನೆಗೆ ಯಾಕೆ’ ಅನ್ನುವವರಿದ್ದಾರೆ. ಸುಗ್ಗಿಯ ದಿನ ಒಬ್ಬ ರೈತ ನಿಮ್ಮ ಜೊತೆ ಮೂರು ಗಂಟೆ ತಿರುಗಿದರೆ ಆ ಮೂರು ಗಂಟೆ ಅವನ ಸ್ವಂತ ಕೆಲಸ ನಿಂತಿರುತ್ತದೆ. ಮನೆಯಾಕೆ ನಿಮ್ಮ ಆರು ಜನಕ್ಕೆ ಅಡುಗೆ ಮಾಡುವಾಗ ಕೂಲಿಯವರ ಊಟವನ್ನೂ ಅವರೇ ನೋಡಿಕೊಳ್ಳುತ್ತಿರುತ್ತಾರೆ. ಕೇಳಿದ ರೇಟು ಹೆಚ್ಚು ಅನ್ನಿಸಿದರೆ ಬೇರೆ ಕಡೆ ಹೋಗಿ, ಜಗ್ಗಬೇಡಿ.

ಹಂತ 5: ಬ್ಯಾಗಿಗೆ ಏನು ಹಾಕಬೇಕು

ಹಳೆಯ, ಉದ್ದ ತೋಳಿನ ಹತ್ತಿ ಬಟ್ಟೆ. ಅಡಿಕೆ, ಗೇರು, ಬಾಳೆ ಇವುಗಳ ಕಲೆ ಹೋಗುವುದಿಲ್ಲ, ಇದು ನೆನಪಿರಲಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ. ಹವಾಯಿ ಚಪ್ಪಲಿ ಕೆಸರಲ್ಲಿ ಅಲ್ಲೇ ಉಳಿಯುತ್ತದೆ. ಟೋಪಿ, ಟಾರ್ಚ್, ನೀರಿನ ಬಾಟಲಿ, ನಿಮ್ಮ ಮಾತ್ರೆಗಳು. ಮಳೆಗಾಲದಲ್ಲಿ ಕೊಡೆಗಿಂತ ರೇನ್‌ಕೋಟ್ ಒಳ್ಳೆಯದು, ತೋಟದೊಳಗೆ ಕೊಡೆ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಉಂಬಳಕ್ಕೆ, ಅಂದರೆ ಜಿಗಣೆಗೆ, ಒಂದು ಪೊಟ್ಟಣ ಉಪ್ಪು.

ರೇಷ್ಮೆ ಮನೆಗೆ ಹೋಗುವವರಿಗೆ ಮಾತ್ರ ಒಂದು ವಿಶೇಷ ಎಚ್ಚರಿಕೆ: ಆ ದಿನ ಸೆಂಟು, ಬಾಡಿ ಸ್ಪ್ರೇ, ಸೊಳ್ಳೆ ಕ್ರೀಮ್ ಏನನ್ನೂ ಹಚ್ಚಬೇಡಿ. ಬೀಡಿ ಸಿಗರೇಟು ಸೇದಿ ಒಳಗೆ ಹೋಗಬೇಡಿ. ರೇಷ್ಮೆ ಹುಳು ಬಹಳ ನಾಜೂಕು. ಸೊಳ್ಳೆಗೆ ಹಾಕುವ ಔಷಧ ಹುಳುವಿಗೂ ವಿಷವೇ. ಬಾಗಿಲಲ್ಲಿ ಕೈಕಾಲು ತೊಳೆಯಲು ಔಷಧದ ನೀರು ಇಟ್ಟಿರುತ್ತಾರೆ, ತೊಳೆಯದೆ ಒಳಗೆ ಹೋಗಬೇಡಿ. ಅವರ ಒಂದು ತಿಂಗಳ ದುಡಿಮೆ ಆ ತಟ್ಟೆಗಳ ಮೇಲೆ ಇರುತ್ತದೆ.

ಹಂತ 6: ಹೋದ ದಿನ

ಹಿಂದಿನ ಸಂಜೆಯೇ ತಲುಪಿ. ಬೆಳಗಿನ ಹೊತ್ತಿನ ತೋಟ ಸಿಗಬೇಕು ಅಂದರೆ ಇದೊಂದೇ ದಾರಿ. ಹಾಲು ಕರೆಯುವುದು ಐದೂವರೆ ಆರಕ್ಕೆ, ನೀವು ಎದ್ದು ಬರಲಿ ಅಂತ ಹಸು ಕಾಯುವುದಿಲ್ಲ.

ಮೊದಲ ಒಂದು ಗಂಟೆ ಬರೀ ನೋಡಿ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಡೆ ಬುಟ್ಟಿ ಹೋಗುತ್ತದೆ, ಯಾರು ಹೇಳುತ್ತಾರೆ, ಯಾರು ಮಾಡುತ್ತಾರೆ. ಆಮೇಲೆ ‘ನಮಗೂ ಏನಾದರೂ ಕೊಡಿ’ ಅಂತ ಕೇಳಿ. ನಾಟಿಗೆ ಹೋಗಿದ್ದರೆ ಗದ್ದೆಯ ಒಂದು ಮೂಲೆ ಕೇಳಿ ತೆಗೆದುಕೊಳ್ಳಿ. ನಡುವೆ ನುಗ್ಗಿ ನೆಟ್ಟರೆ ಸಾಲು ಕೆಡುತ್ತದೆ, ಆಳ ಹೆಚ್ಚಾಗಿ ಸಸಿ ಏಳುವುದಿಲ್ಲ, ನೀವು ಹೋದ ಮೇಲೆ ಅಷ್ಟನ್ನೂ ಕಿತ್ತು ಇನ್ನೊಮ್ಮೆ ನೆಡಬೇಕಾಗುತ್ತದೆ. ಮೂರು ನಾಲ್ಕು ಸಸಿ ಹಿಡಿದು, ಬೆರಳ ತುದಿಯಿಂದ ಬೇರಷ್ಟೇ ಕೆಸರಿಗೆ ಒತ್ತಿ ಬಿಡಬೇಕು. ಪಕ್ಕದಲ್ಲಿ ನೆಡುವ ಅಕ್ಕನ ಕೈ ನೋಡಿ, ಅವರು ಒತ್ತುವುದೇ ಇಲ್ಲವೇನೋ ಅನ್ನುವಷ್ಟು ಹಗುರ.

ಕಾಫಿ ಕುಯ್ಲಿನಲ್ಲಿ ಹಲವು ಕಡೆ ಕೂಲಿ ಕಿಲೋ ಲೆಕ್ಕದಲ್ಲಿ. ಅಂದರೆ ನಿಮ್ಮ ಜೊತೆ ಮಾತಾಡಿದ ಹತ್ತು ನಿಮಿಷ ಅವರ ಸಂಬಳದಿಂದ ಹೋಗುತ್ತದೆ. ಮಾತಾಡಬೇಕು ಅನ್ನಿಸಿದರೆ ಪಕ್ಕದಲ್ಲಿ ನಿಂತು ನೀವೂ ಹಣ್ಣು ಬಿಡಿಸಿ, ಅವರ ಚೀಲಕ್ಕೇ ಹಾಕಿ. ಕೆಂಪು ಹಣ್ಣು ಮಾತ್ರ, ತೊಟ್ಟು ಗಿಡದಲ್ಲೇ ಉಳಿಯಬೇಕು. ಹೂ ಬಿಟ್ಟ ದಿನಗಳಲ್ಲಂತೂ ಗಿಡದ ಸಾಲಿನೊಳಗೆ ಹೋಗಲೇಬೇಡಿ. ಮೈ ತಾಗಿದರೆ ರೆಕ್ಕೆಯ ಮೇಲಿನ ಹೂ ಉದುರುತ್ತದೆ. ರೆಕ್ಕೆ ಅಂದರೆ ಕಾಫಿ ಗಿಡದ ಪಕ್ಕದ ಕೊಂಬೆ. ಫೋಟೋ ದಾರಿಯಲ್ಲಿ ನಿಂತೇ ತೆಗೆಯಿರಿ.

ಫೋಟೋ ಅಂದೆ, ಅದಕ್ಕೆ ಇನ್ನೊಂದು ಮಾತು. ಕೆಲಸ ಮಾಡುವ ಹೆಂಗಸರ, ಅವರ ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಮಾಲೀಕರು ‘ಪರವಾಗಿಲ್ಲ ತೆಗೀರಿ’ ಅಂದರೆ ಸಾಲದು. ಅವರನ್ನೇ ಕೇಳಬೇಕು.

ಕಾಳು ಒಕ್ಕುವ ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯಬೇಡಿ. ರಾಶಿ ಪೂಜೆ, ಭೂಮಿ ಹುಣ್ಣಿಮೆ, ಚರಗದಂಥ ದಿನ ಹೋಗಿದ್ದರೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಹಂತ 7: ಅಪಾಯ ಎಲ್ಲಿದೆ ಅಂತ ತಿಳಿದಿರಿ

ಇದನ್ನು ದಯವಿಟ್ಟು ಪೂರ್ತಿ ಓದಿ.

ಕೃಷಿಹೊಂಡ. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ಮಳೆ ನೀರು ಹಿಡಿಯಲು ತೋಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡ. ನೋಡಲು ಈಜುಕೊಳದ ಹಾಗೆ ಸ್ವಚ್ಛ, ನೀಲಿ. ಆದರೆ ಆ ಹಾಳೆ ಪಾಚಿ ಕಟ್ಟಿ ಸೋಪಿನ ಹಾಗೆ ಜಾರುತ್ತದೆ. ಇಳಿದವರಿಗೆ, ಈಜು ಬಂದರೂ, ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರೂ ಜಾರುತ್ತಾರೆ. ತಲುಪಿದ ಕೂಡಲೇ ಹೊಂಡ, ಬಾವಿ ಎಲ್ಲಿವೆ ಅಂತ ಕೇಳಿ, ಮಕ್ಕಳಿಗೆ ತೋರಿಸಿ, ಅತ್ತ ಒಬ್ಬರೇ ಹೋಗಬಾರದು ಅಂತ ಕಟ್ಟುನಿಟ್ಟಾಗಿ ಹೇಳಿ. ಸುತ್ತ ಬೇಲಿ ಇಲ್ಲದ ಹೊಂಡ ಇದ್ದರೆ ಸಣ್ಣ ಮಕ್ಕಳ ಕೈ ಬಿಡಬೇಡಿ.

ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ. ಉಣುಗು (ಉಣ್ಣೆ) ಕಚ್ಚುವುದರಿಂದ ಬರುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಡೆ ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಅಂದರೆ ಸರಿಯಾಗಿ ನೀವು ಅಡಿಕೆ ಸುಗ್ಗಿ, ಆಲೆಮನೆ ನೋಡಲು ಹೋಗುವ ಕಾಲ. ಭಯ ಬೇಡ, ಎಚ್ಚರ ಬೇಕು. ಆ ಊರಿನ ಸುತ್ತ ಈ ವರ್ಷ ಕಾಯಿಲೆ ಇದೆಯಾ ಅಂತ ಕೇಳಿ. ಇದೆ ಅಂದರೆ ಕಾಡಿನ ಅಂಚಿಗೆ, ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗಬೇಡಿ. ತರಗೆಲೆಯ ಮೇಲೆ ಕೂರಬೇಡಿ. ಆರೋಗ್ಯ ಇಲಾಖೆ ಆ ಊರುಗಳಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಂಚುತ್ತದೆ, ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ತಿಳಿಸಿ. ಊರಿಗೆ ಬಂದ ವಾರ ಹತ್ತು ದಿನದಲ್ಲಿ ಜ್ವರ ಬಂದರೆ ಡಾಕ್ಟರಿಗೆ ‘ಮಲೆನಾಡಿಗೆ ಹೋಗಿದ್ದೆ’ ಅಂತ ಮೊದಲ ಮಾತಲ್ಲೇ ಹೇಳಿ. ಪೇಟೆಯ ಡಾಕ್ಟರಿಗೆ ಅದು ತಾನಾಗಿ ಹೊಳೆಯದೆ ಇರಬಹುದು.

ಔಷಧ ಹೊಡೆಯುವ ದಿನ. ಅಡಿಕೆಗೆ ಮಳೆಗಾಲದ ಶುರುವಿನಲ್ಲಿ ಮತ್ತು ನಡುವೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ದ್ರಾವಣ ಅದು, ಕೊಳೆರೋಗ ತಡೆಯಲು. (ಕೊಳೆರೋಗ ಅನ್ನುವ ನಮ್ಮ ಕನ್ನಡ ಪದವನ್ನು ಇಂಗ್ಲಿಷಿನ ಕೃಷಿ ಪುಸ್ತಕಗಳೂ ಹಾಗೇ ಬಳಸುತ್ತವೆ!) ಮರದ ಮೇಲಿಂದ ಹನಿ ಕಣ್ಣಿಗೆ ಬಿದ್ದರೆ ಉರಿ. ಆ ದಿನ ತೋಟಕ್ಕೆ ಇಳಿಯಬೇಡಿ. ದ್ರಾಕ್ಷಿ, ದಾಳಿಂಬೆ, ತರಕಾರಿ ತೋಟಗಳಲ್ಲಿ ಹೊಡೆಯುವುದು ಬೇರೆ ಬೇರೆ ಔಷಧ. ಹಣ್ಣು ಕಿತ್ತು ಬಾಯಿಗೆ ಹಾಕುವ ಮೊದಲು ‘ಇದನ್ನ ಈಗ ತಿನ್ನಬಹುದಾ?’ ಅಂತ ಕೇಳಿ.

ಆನೆ ಮತ್ತು ಬೇಲಿ. ಕೊಡಗು, ಸಕಲೇಶಪುರ, ಆಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆ ಓಡಾಡುವುದು ಸಾಮಾನ್ಯ. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ವಾಕಿಂಗ್ ಬೇಡ. ಮನೆಯವರು ಇವತ್ತು ಆ ಕಡೆ ಬೇಡ ಅಂದರೆ ಬೇಡ, ವಾದ ಮಾಡಬೇಡಿ. ಸೋಲಾರ್ ಬೇಲಿಯ ತಂತಿ ಮುಟ್ಟಬೇಡಿ.

ಆಲೆಮನೆಯ ಕೊಪ್ಪರಿಗೆ. ಕುದಿಯುವ ಪಾಕ ನೀರಿನಂತಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಸುತ್ತ ನೆಲವೂ ಜಿಗುಟಾಗಿ ಜಾರುತ್ತದೆ. ಮಕ್ಕಳು ಹತ್ತು ಅಡಿ ದೂರ. ಕಬ್ಬು ಅರೆಯುವ ಗಾಣದ ಹತ್ತಿರ ಶಾಲು, ದುಪ್ಪಟ್ಟ, ಬಿಟ್ಟ ಕೂದಲು ಇರಬಾರದು.

ಉಂಬಳ ಕಚ್ಚಿದರೆ ಕಿತ್ತು ಎಳೆಯಬೇಡಿ, ಉಪ್ಪು ಹಾಕಿ, ಬೀಳುತ್ತದೆ. ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಗಾಬರಿ ಬೇಡ. ಕರೆದ ಹಾಲನ್ನು ಹಸಿಯಾಗಿ ಕುಡಿಯಬೇಡಿ, ಎಷ್ಟೇ ಒತ್ತಾಯ ಮಾಡಿದರೂ ಕಾಯಿಸಿಯೇ ಕುಡಿಯಿರಿ. ಕರು ಹಾಕಿದ ಹಸುವಿನ ಹತ್ತಿರ ಮಕ್ಕಳನ್ನು ಬಿಡಬೇಡಿ.

ಹಂತ 8: ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುಂಚೆ

ಒಂದೇ ಪ್ರವಾಸದಲ್ಲಿ ಎರಡು ಮೂರು ತೋಟ ನೋಡುವವರು ನಡುವೆ ಚಪ್ಪಲಿ ತೊಳೆಯಿರಿ. ಬೇರು ಕೊಳೆ ರೋಗ, ಸೊರಗು ರೋಗ ಇಂಥವು ಮಣ್ಣಿನ ಜೊತೆ ಹೋಗುತ್ತವೆ. ಕಾಳುಮೆಣಸು, ಶುಂಠಿ ಬೆಳೆಯುವವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ದನಗಳಿಗೆ ಕಾಲುಬಾಯಿ ಜ್ವರ ಇರುವ ಊರಿಂದ ಬಂದಿದ್ದರೆ ಬೇರೆಯವರ ಕೊಟ್ಟಿಗೆಗೆ ಹೋಗಲೇಬೇಡಿ. ಕೇಳದೆ ಗಿಡ, ಬೀಜ, ಗೆಡ್ಡೆ ಕೀಳಬೇಡಿ. ಕೇಳಿದರೆ ಅವರೇ ಬೇರು ಸಮೇತ ಕಿತ್ತು ಬಾಳೆಪಟ್ಟೆಯಲ್ಲಿ ಕಟ್ಟಿಕೊಡುತ್ತಾರೆ.

ಹಂತ 9: ಮನೆಗೆ ತರುವುದು

ಊಟ, ವಸತಿಯ ದುಡ್ಡಿನ ಜೊತೆ ಅವರ ಬೆಳೆಯನ್ನೂ ಕೊಳ್ಳಿ. ಹೊರಡುವ ಹೊತ್ತಿಗೆ ಕೇಳಿದರೆ ತೂಕ ಮಾಡಲು, ಕಟ್ಟಲು ಸಮಯ ಇರುವುದಿಲ್ಲ. ಹಿಂದಿನ ರಾತ್ರಿಯೇ ಹೇಳಿ.

ಕಾಳುಮೆಣಸು ಕೊಳ್ಳುವಾಗ ಹಲ್ಲಲ್ಲಿ ಒಡೆದು ನೋಡಿ. ಚೆನ್ನಾಗಿ ಒಣಗಿದ್ದರೆ ಟಕ್ ಅಂತ ಒಡೆಯುತ್ತದೆ. ಮೆತ್ತಗಿದ್ದರೆ ಮನೆಯಲ್ಲಿ ಎರಡು ದಿನ ಬಿಸಿಲಿಗೆ ಹಾಕಿ, ಇಲ್ಲವಾದರೆ ಬೂಸು ಬರುತ್ತದೆ. ತೋಟದಲ್ಲಿ ಸಿಗುವ ಕಾಫಿ ಬೀಜ ಹೆಚ್ಚಾಗಿ ಹಸಿ ಬೀಜ, ಹುರಿದಿರುವುದಿಲ್ಲ. ಹುರಿದು ಪುಡಿ ಮಾಡಿದ್ದು ಬೇಕಾದರೆ ಅದನ್ನೇ ಕೇಳಿ.

ಬೆಲ್ಲ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ತೆಳು ಹಳದಿ, ಹೊಳೆಯುವ ಬೆಲ್ಲಕ್ಕೆ ಹೆಚ್ಚಾಗಿ ಹೈಡ್ರೋಸ್ ಹಾಕಿರುತ್ತಾರೆ. ಅದು ಬಣ್ಣ ತಿಳಿ ಮಾಡುವ ರಾಸಾಯನಿಕ. ಅದನ್ನು ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು, ಕೆಲವೊಮ್ಮೆ ಕಪ್ಪಿಗೇ ಹತ್ತಿರ. ಪೇಟೆಯವರು ಬಿಳಿ ಬೆಲ್ಲವನ್ನೇ ಕೇಳುತ್ತಾರೆ, ಅದಕ್ಕೇ ಹಾಕುತ್ತೇವೆ ಅನ್ನುತ್ತಾರೆ ಆಲೆಮನೆಯವರು. ‘ನಮಗೆ ಕಂದು ಬೆಲ್ಲವೇ ಬೇಕು, ಹೈಡ್ರೋಸ್ ಹಾಕದ್ದು’ ಅಂತ ನೀವೇ ಮೊದಲು ಹೇಳಿ.

ಜೋನಿ ಬೆಲ್ಲ ತರುವುದಾದರೆ ಒಣಗಿದ ಡಬ್ಬಿ ಮನೆಯಿಂದಲೇ ತೆಗೆದುಕೊಂಡು ಹೋಗಿ. ಒಂದು ಹನಿ ನೀರು ಇದ್ದರೂ ಹುಳಿ ಬರುತ್ತದೆ. ಕಂಠಮಟ್ಟ ತುಂಬಿಸಬೇಡಿ, ಎರಡು ಬೆರಳು ಜಾಗ ಬಿಡಿ. ಘಾಟಿ ಇಳಿಯುವಾಗ ಡಬ್ಬಿ ಮಲಗದಂತೆ ಯಾರಾದರೂ ಕಾಲ ನಡುವೆ ಹಿಡಿದುಕೊಳ್ಳಲಿ. ಮನೆಗೆ ಬಂದ ಮೇಲೆ ಮುಚ್ಚಳ ಒಮ್ಮೆ ಸಡಿಲಿಸಿ ಗಾಳಿ ಬಿಡಿ, ಆಮೇಲೆ ದೋಸೆ ಹಾಕಿ.